ಸಿಳ್ಳೆ ಹೊಡೆದವರು ನಾವೇ

(ಕೊಂಕಲ್‌ನಲ್ಲಿ ಕೇರಿಯ ಹೆಣ್ಣುಮಕ್ಕಳ ಸಭೆಯಲ್ಲಿ ಆಡಿದ ಮಾತು. ಆಡಿದ ರೀತಿಯನ್ನು ಆದಷ್ಟು ಹಾಗೇ ಉಳಿಸಿಕೊಂಡು ಕೊಟ್ಟಿದ್ದೇವೆ.)



ಮುಂಜಾನೆಯಿಂದ ಹತ್ತಿ ಬಿಡಿಸಿ ಬಂದು ಕುಂತೀರಿ. ಮನೀಗೆ ಹೋಗಿ ರೊಟ್ಟಿ ಬಡೀಬೇಕು, ನೀರು ತರಬೇಕು, ಮಕ್ಕಳಿಗೆ ಉಣ್ಣಾಕ ಇಡಬೇಕು. ಗಂಡಸರು ಸಭೆ ಮುಗಿದ ಮೇಲೂ ಕಟ್ಟೆ ಮ್ಯಾಲ ಕುಂತು ಮಾತಾಡ್ತಾರ, ನಿಮಗೆ ಆ ಪುರುಸೊತ್ತಿಲ್ಲ. ಅದಕ್ಕೇ ನಾವು ಸುತ್ತು ಬಳಸದೆ ಹೇಳ್ತೇವೆ.

ಇವತ್ತಿನ ಮಾತು ಸಿನಿಮಾದ ಬಗ್ಗೆ ಅಂದಾಗ ನಮ್ಮವರೇ ಕೆಲವರು ನಕ್ಕರು. ‘ಭೂಮಿ ಇಲ್ಲ, ಸರಿಯಾದ ಕೂಲಿ ಇಲ್ಲ, ಹೆಣ ಹೂಳಾಕ ಜಾಗ ಇಲ್ಲ, ಇವರು ಸಿನಿಮಾ ಹಿಡಕೊಂಡು ಕುಂತಾರ’ ಅಂದರು. ಮಾತು ಸುಳ್ಳಲ್ಲ. ಆದರೂ ಯಾಕೆ ಸಿನಿಮಾ ಅನ್ನೋದಕ್ಕೆ ಒಂದು ಕಾರಣ ಅದ. ಮೊದಲು ಅದನ್ನು ಕೇಳ್ರಿ.

ಈ ಸೀಮೆಯ ಒಂದು ಊರು. ಊರಿನ ಹೆಸರು ಬ್ಯಾಡ, ಹುಡುಗಿಯ ಹೆಸರಂತೂ ಬ್ಯಾಡೇ ಬ್ಯಾಡ. ಒಂಬತ್ತನೇ ಕ್ಲಾಸು ಓದುತ್ತಿದ್ದ ನಮ್ಮ ಕೇರಿಯ ಹುಡುಗಿ. ಬಸ್ಸಿನಿಂದ ಇಳಿದು ಮನೀಗೆ ಬರೋ ದಾರಿಯಲ್ಲಿ ಒಬ್ಬ ಹುಡುಗ ದಿನಾ ಹಿಂದೆ ಬೀಳುತ್ತಿದ್ದ. ಮೊಬೈಲಿನಲ್ಲಿ ಹಾಡು ಹಚ್ಚುವುದು, ಸಿನಿಮಾದ ಡೈಲಾಗು ಹೊಡೆಯುವುದು, ದಾರಿಗೆ ಅಡ್ಡ ನಿಲ್ಲುವುದು. ಒಂದು ದಿನ ಕೈ ಹಿಡಿದು ಎಳೆದ. ಆಕಿ ಕಪಾಳಕ್ಕೆ ಬಾರಿಸಿದಳು. ಮರುದಿನ ಅವನು ಗೆಳೆಯರನ್ನು ಕಟ್ಟಿಕೊಂಡು ಬಂದ. ಮಾತು ಊರೆಲ್ಲ ಆಯಿತು, ಹಿರಿಯರು ಕೂಡಿದರು. ತೀರ್ಪು ಏನು ಗೊತ್ತೇನ್ರಿ? ‘ಹುಡುಗರು ಸಿನಿಮಾ ನೋಡಿ ಕೆಟ್ಟಾವ. ನಿಮ್ಮ ಹುಡುಗೀನ ಮನ್ಯಾಗ ಇಟ್ಟುಕೋರಿ.’ ಆಕಿ ಸಾಲಿ ಬಿಟ್ಟಳು. ಹದಿನಾರು ತುಂಬುವ ಮೊದಲೇ ಮದುವೆ ಮಾಡಿ ಕಳಿಸಿದರು.

ಆ ಹುಡುಗ ಗೌಡನ ಮಗನಲ್ಲ, ಮೇಲ್ಜಾತಿಯವನಲ್ಲ. ನಮ್ಮವನೇ. ಬಾಬಾಸಾಹೇಬರ ಜಯಂತಿಯ ಮೆರವಣಿಗೆಯಲ್ಲಿ ನೀಲಿ ಬಾವುಟ ಹಿಡಿದು ಮುಂದೆ ನಡೆದವನು. ತೀರ್ಪು ಕೊಟ್ಟ ಕಟ್ಟೆಯ ಮೇಲೆ ನಮ್ಮ ಸಂಘದವರೂ ಕುಂತಿದ್ದರು. ಬಾಯಿ ಬಿಡಲಿಲ್ಲ. ಗೌಡನ ಮಗ ಇದೇ ಕೆಲಸ ಮಾಡಿದ್ದರೆ ಠಾಣೆಯ ಮುಂದೆ ಧರಣಿ ಕೂತು ಅಟ್ರಾಸಿಟಿ ಕೇಸು ಹಾಕಿಸುತ್ತಿದ್ದೆವು. ನಮ್ಮವನು ಮಾಡಿದಾಗ ‘ಸಿನಿಮಾ ಕೆಡಿಸ್ತು’ ಅಂದೆವು.

ಆ ಹುಡುಗಿ ಆಮೇಲೆ ನಮ್ಮ ಕಾರ್ಯಕರ್ತೆಯೊಬ್ಬರಿಗೆ ಹೇಳಿದ ಮಾತು ಇದು: ‘ಸಿನಿಮಾದಾಗ ಹೀರೋಯಿನ್ ಕಪಾಳಕ್ಕ ಹೊಡದ್ರ ಅದು ಪ್ರೀತಿ ಅಂತಾರ. ನಾ ಹೊಡದದ್ದು ಪ್ರೀತೀಲೆ ಅಲ್ಲ, ಬ್ಯಾಡ ಅಂತ ಹೊಡದೆ. ನಾ ಬ್ಯಾಡ ಅಂದದ್ದು ನಿಮಗ ಒಬ್ಬರಿಗೂ ಕೇಳಿಸಲಿಲ್ಲೇನು?’

ಬಂಧುಗಳೇ, ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ಇವತ್ತು ಸಿನಿಮಾದ ಮಾತು.

ಮೊದಲಿಂದ ನೋಡೋಣ. ಕನ್ನಡದ ಮೊದಲನೇ ಮಾತಿನ ಚಿತ್ರ 1934ರಲ್ಲಿ ಬಂತು. ಹೆಸರು ‘ಸತಿ ಸುಲೋಚನ’. ನಮ್ಮ ಸಿನಿಮಾ ಬಾಯಿ ಬಿಟ್ಟು ಆಡಿದ ಮೊದಲ ಮಾತೇ ‘ಸತಿ’. ಹೆಣ್ಣು ಅಂದರೆ ಗಂಡನ ಹಿಂದೆ ಹೋಗುವವಳು, ಗಂಡನಿಲ್ಲದಿದ್ದರೆ ಬದುಕಿಲ್ಲದವಳು. ಪುರಾಣ ಹೇಳಿದ್ದನ್ನು, ಮನುಧರ್ಮ ಬರೆದದ್ದನ್ನು ಪರದೆಯ ಮೇಲೆ ದೀಪ ಹಾಕಿ ತೋರಿಸಿದರು. ಅದಕ್ಕೂ ಏಳು ವರ್ಷ ಮೊದಲೇ, 1927ರ ಡಿಸೆಂಬರ್ 25ರಂದು, ಬಾಬಾಸಾಹೇಬರು ಮಹಾಡಿನಲ್ಲಿ ಮನುಸ್ಮೃತಿ ಸುಟ್ಟಿದ್ದರು. ಅಲ್ಲಿ ಸುಟ್ಟದ್ದು ಇಲ್ಲಿ ರೀಲು ಸುತ್ತಿಕೊಂಡು ಊರೂರಿಗೆ ಬಂತು.

ನಮ್ಮ ಕಡೆ ಅದು ಬಂದದ್ದು ಡೇರೆ ಟಾಕೀಸಿನಲ್ಲಿ, ಜಾತ್ರೆಯಲ್ಲಿ. ಹಿರಿಯರಿಗೆ ನೆನಪಿದೆ: ನೆಲದ ಟಿಕೀಟು, ನಡುವೆ ಹಗ್ಗ, ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಹೋಟೆಲಿನಲ್ಲಿ ನಮಗೆ ಬೇರೆ ಲೋಟ ಇದ್ದ ಕಾಲದಲ್ಲಿ ಡೇರೆಯೊಳಗಿನ ಕತ್ತಲೆ ಮಾತ್ರ ಎಲ್ಲರಿಗೂ ಒಂದೇ ಇತ್ತು. ಅದಕ್ಕೇ ನಾವು ಸಿನಿಮಾವನ್ನು ಪ್ರೀತಿಸಿದೆವು. ಆ ಪ್ರೀತಿ ತಪ್ಪಲ್ಲ. ಸಿನಿಮಾ ನೋಡಬ್ಯಾಡ್ರಿ ಅಂತ ಹೇಳಾಕ ನಾವು ಬಂದಿಲ್ಲ. ಆ ಕತ್ತಲೆಯಲ್ಲಿ ಕುಂತು ನಾವು ಯಾವುದಕ್ಕೆ ಸಿಳ್ಳೆ ಹೊಡೆದೆವು ಅನ್ನುವುದನ್ನು ಈಗ ಬೆಳಕಿನಲ್ಲಿ ನೋಡಬೇಕು.

ಒಂದನೆಯದು, ಸೊಕ್ಕಿನ ಹೆಣ್ಣನ್ನು ಬಗ್ಗಿಸುವ ಕತೆ. 1976ರ ‘ಬಹದ್ದೂರ್ ಗಂಡು’ ನೋಡಿದವರಿದ್ದೀರಿ. 1989ರ ‘ನಂಜುಂಡಿ ಕಲ್ಯಾಣ’ವನ್ನಂತೂ ನೋಡದ ಮನೆಯಿಲ್ಲ. ಹೆಣ್ಣು ಶ್ರೀಮಂತೆ, ಗರ್ವಿಷ್ಠೆ, ಯಾರಿಗೂ ಬಗ್ಗುವುದಿಲ್ಲ. ನಾಯಕ ಬಂದು ಆಕೆಯ ಸೊಕ್ಕು ಇಳಿಸುತ್ತಾನೆ. ಕೊನೆಗೆ ಆಕೆ ತಲೆ ತಗ್ಗಿಸಿ ಒಳ್ಳೆಯ ಹೆಂಡತಿಯಾಗುತ್ತಾಳೆ. ನಾವು ನಕ್ಕೆವು, ಚಪ್ಪಾಳೆ ಹೊಡೆದೆವು.

ಯಾಕೆ ಹೊಡೆದೆವು? ಇಂಥ ಎಷ್ಟೋ ಸಿನಿಮಾಗಳಲ್ಲಿ ನಾಯಕ ಬಡವ, ದುಡಿಯುವವನು. ದೊಡ್ಡವರ ಮುಂದೆ ತಲೆಬಾಗಿ ಸಾಕಾಗಿದ್ದ ನಮಗೆ ದೊಡ್ಡಮನೆಯ ಮಗಳೊಬ್ಬಳು ಬಾಗಿದ್ದು ನೋಡಿ ಹೊಟ್ಟೆ ತಣ್ಣಗಾಯಿತು. ಆದರೆ ಲೆಕ್ಕ ಹಾಕಿ ನೋಡ್ರಿ. ಜಮೀನ್ದಾರನ ಹೊಲ ಒಂದು ಎಕರೆ ಕಮ್ಮಿ ಆಯಿತೇನು? ಕೂಲಿ ನಾಕಾಣೆ ಹೆಚ್ಚಾಯಿತೇನು? ಜಮೀನ್ದಾರ ಮಾವನಾಗಿ ಕುರ್ಚಿಯ ಮೇಲೆ ಕುಂತ. ಬಗ್ಗಿದವಳು ಅವನ ಮಗಳು. ಬಡವನ ಸಿಟ್ಟನ್ನು ಒಡೆಯನಿಂದ ಬಿಡಿಸಿ ಹೆಣ್ಣಿನ ಕಡೆ ತಿರುಗಿಸುವುದೇ ಈ ಸಿನಿಮಾಗಳ ಜಾಣತನ. ಆ ಸಿಟ್ಟು ಹೊತ್ತು ಮನೆಗೆ ಬಂದ ನಮಗೆ ಬಗ್ಗಿಸಲಿಕ್ಕೆ ಜಮೀನ್ದಾರನ ಮಗಳು ಎಲ್ಲಿ ಸಿಗಬೇಕು? ಹೆಂಡತಿ ಸಿಕ್ಕಳು.

ಇದು ಹಳೇ ಕಾಲದ ಮಾತಲ್ಲ. ನಮ್ಮದು ತೆಲಂಗಾಣದ ಗಡಿ, ತೆಲುಗು ಸಿನಿಮಾ ನಮ್ಮ ಹುಡುಗರಿಗೆ ಕನ್ನಡದಷ್ಟೇ ಹತ್ತಿರ. 2021ರಲ್ಲಿ ‘ಪುಷ್ಪ’ ಬಂತು. ನಾಯಕ ಕೂಲಿಯವನು, ಅಪ್ಪನ ಮನೆತನದವರು ತಮ್ಮವನೆಂದು ಒಪ್ಪದ ಮಗ. ಅವನು ಯಾರ ಮುಂದೆಯೂ ತಗ್ಗುವುದಿಲ್ಲ ಅಂದಾಗ ನಮ್ಮ ಎದೆಯೂ ಉಬ್ಬಿತು. ಅದೇ ನಾಯಕ ಹಾಲು ಮಾರುವ ಬಡ ಹುಡುಗಿ ತನ್ನ ಕಡೆ ನೋಡಿ ನಗಲಿ ಅಂತ ದುಡ್ಡು ಕೊಡಿಸುತ್ತಾನೆ. ಅದಕ್ಕೂ ಸಿಳ್ಳೆ ಬಿತ್ತು. ಹೆಣ್ಣಿನ ನಗುವಿಗೆ ದುಡ್ಡು ಕಟ್ಟುವುದು ನಮ್ಮ ಸೀಮೆಗೆ ಹೊಸದಲ್ಲ, ಬಂಧುಗಳೇ. ದೇವರ ಹೆಸರಿನಲ್ಲಿ ನಮ್ಮ ಅವ್ವಂದಿರಿಗೆ ಮುತ್ತು ಕಟ್ಟಿಸಿ ಊರಿನ ದೊಡ್ಡವರು ಅದೇ ವ್ಯಾಪಾರ ಮಾಡಿದ್ದರು. ಅಂದು ನಮಗೆ ಉರಿಯಿತು. ಇಂದು ನಮ್ಮಂಥವನೊಬ್ಬ ಪರದೆಯ ಮೇಲೆ ಅದನ್ನೇ ಮಾಡಿದಾಗ ಸಿಹಿಯಾಯಿತು.

ಎರಡನೆಯದು, ತಂಗಿಯ ಕತೆ. ನಾಯಕನಿಗೆ ಒಬ್ಬಳು ತಂಗಿ ಇರ್ತಾಳ. ಆಕಿ ಒಂದು ಹಾಡಿನಲ್ಲಿ ನಗ್ತಾಳ. ಅಷ್ಟೊತ್ತಿಗೆ ನೋಡುವವರಿಗೆ ಗೊತ್ತಾಗ್ತದ, ಇವಳ ಗತಿ ಮುಗೀತು ಅಂತ. ಖಳನಾಯಕ ಆಕೆಯನ್ನು ಕೆಡಿಸುತ್ತಾನೆ. ಆ ದೃಶ್ಯವನ್ನು ಕ್ಯಾಮೆರಾ ಯಾರ ಕಣ್ಣಿಂದ ನೋಡುತ್ತದೆ? ಹುಡುಗಿಯ ಕಣ್ಣಿಂದ ಅಲ್ಲ, ಕೆಡಿಸುವವನ ಕಣ್ಣಿಂದ. ಸೀರೆ ಹರಿಯುವುದನ್ನು ನಿಧಾನವಾಗಿ ತೋರಿಸುತ್ತಾರೆ. ಆಮೇಲೆ ಆಕೆ ನೇಣು ಹಾಕಿಕೊಳ್ಳುತ್ತಾಳೆ, ಇಲ್ಲವೇ ಬಾವಿಗೆ ಬೀಳುತ್ತಾಳೆ. ಅಣ್ಣ ಹೆಣ ಎತ್ತಿಕೊಂಡು ಶಪಥ ಮಾಡುತ್ತಾನೆ. ಮುಂದಿನ ಸಿನಿಮಾ ಎಲ್ಲ ಅವನದು. ಆಕೆಗೆ ಏನಾಯಿತು, ಆಕೆ ಏನು ಹೇಳಬೇಕಿತ್ತು ಅಂತ ಯಾರೂ ಕೇಳುವುದಿಲ್ಲ. ಬದುಕಿ ಉಳಿದರೆ ಪಂಚಾಯ್ತಿ ಕೂಡಿಸಿ ಕೆಡಿಸಿದವನ ಕೈಯಲ್ಲೇ ತಾಳಿ ಕಟ್ಟಿಸುತ್ತಾರೆ. ಅದನ್ನು ನ್ಯಾಯ ಅನ್ನುತ್ತಾರೆ.

ಅವ್ವಗಳೇ, ನಮ್ಮ ಕೇರಿಗಳಲ್ಲಿ ದೌರ್ಜನ್ಯ ಅನುಭವಿಸಿದ ಹೆಣ್ಣುಮಕ್ಕಳು ಸತ್ತುಹೋದರೇನು? ಎಷ್ಟೋ ಮಂದಿ ಬದುಕಿದ್ದಾರೆ. ಮರುದಿನ ಕೂಲಿಗೆ ಹೋಗಿದ್ದಾರೆ, ಎಷ್ಟೋ ಸಲ ಅದೇ ಗೌಡನ ಹೊಲಕ್ಕೇ ಹೋಗಿದ್ದಾರೆ. ಮಕ್ಕಳನ್ನು ಸಾಕಿದ್ದಾರೆ. ಅವರಿಗೆ ಸಿನಿಮಾ ಹೇಳುವುದು ಒಂದೇ ಮಾತು: ‘ನೀನು ಮರ್ಯಾದಸ್ಥೆ ಆಗಿದ್ದರೆ ಸಾಯಬೇಕಿತ್ತು.’ ಮಾನ ಅನ್ನುವುದು ಹೆಣ್ಣಿನ ಮೈಯಲ್ಲಿ ಇಲ್ಲ. ಹೋಗುವುದಾದರೆ ಮಾಡಿದವನ ಮಾನ ಹೋಗಬೇಕು. ಇಷ್ಟು ಸರಳ ಮಾತನ್ನು ನಮ್ಮ ಸಿನಿಮಾಗಳು ಎಷ್ಟು ಸಲ ಹೇಳಿದವು, ನೀವೇ ಎಣಿಸಿ ನೋಡ್ರಿ.

ಸಿನಿಮಾವಷ್ಟೇ ಅಲ್ಲ, ಕೋರ್ಟೂ ಹೀಗೇ ಯೋಚಿಸಿತ್ತು. 1972ರಲ್ಲಿ ಮಹಾರಾಷ್ಟ್ರದ ಠಾಣೆಯೊಂದರೊಳಗೆ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಪೊಲೀಸರು ಅತ್ಯಾಚಾರ ಮಾಡಿದ ಆರೋಪದ ಮಥುರಾ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಂಡದ್ದಕ್ಕೆ ಸಾಕ್ಷಿ ಇಲ್ಲ ಅಂತ ಪೊಲೀಸರನ್ನು ಬಿಟ್ಟರು. ದೇಶದ ಹೆಣ್ಣುಮಕ್ಕಳು ಬೀದಿಗಿಳಿದ ಮೇಲೆ 1983ರಲ್ಲಿ ಕಾನೂನು ತಿದ್ದಿದರು. ಆ ಹುಡುಗಿ ಬ್ಯಾಡ ಅಂದದ್ದು ಕೋರ್ಟಿಗೂ ಕೇಳಿಸಿರಲಿಲ್ಲ. ನಮ್ಮೂರ ಕಟ್ಟೆಯವರಿಗೆ ಕೇಳಿಸದಿದ್ದದ್ದು ಹಾಗಾದರೆ ಸೋಜಿಗವಲ್ಲ, ಆದರೆ ಕ್ಷಮಿಸುವಂಥದೂ ಅಲ್ಲ.

ಮೂರನೆಯದು, ನಮ್ಮ ಹೆಣ್ಣುಮಕ್ಕಳ ಕತೆ. ಪರದೆಯ ಮೇಲೆ ನಮ್ಮವಳು ಎಲ್ಲಿದ್ದಾಳೆ?

‘ಒಳ್ಳೆಯ ಸಿನಿಮಾ’ ಅಂತ ಪ್ರಶಸ್ತಿ ಪಡೆದವನ್ನೇ ನೋಡೋಣ. 1970ರ ‘ಸಂಸ್ಕಾರ’ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದಿತು. ಅಗ್ರಹಾರದಲ್ಲಿ ಹೆಣ ಕೊಳೆಯುತ್ತಿದೆ, ಯಾರು ಸುಡಬೇಕು ಅಂತ ಬ್ರಾಹ್ಮಣರು ಶಾಸ್ತ್ರ ನೋಡುತ್ತ ಕುಂತಿದ್ದಾರೆ. ಮೈಮೇಲಿನ ಬಂಗಾರ ಬಿಚ್ಚಿ ಇಟ್ಟವಳು, ಕೊನೆಗೆ ರಾತ್ರೋರಾತ್ರಿ ಒಬ್ಬ ಮುಸಲ್ಮಾನನ ನೆರವು ಪಡೆದು ಹೆಣ ಸುಡಿಸಿದವಳು ಕೆಳಜಾತಿಯ ಚಂದ್ರಿ. ಇಡೀ ಕತೆಯಲ್ಲಿ ಮನುಷ್ಯರು ಮಾಡುವ ಕೆಲಸ ಮಾಡಿದವಳು ಅವಳೊಬ್ಬಳೇ. ಆದರೆ ಕತೆ ಯಾರದು? ಆಚಾರ್ಯರದು. ಅವರ ಮನಸ್ಸಿನ ತಳಮಳ, ಅವರ ಪಾಪಪುಣ್ಯ. ಕೆಲಸ ಮುಗಿದ ಮೇಲೆ ಚಂದ್ರಿ ಕತೆಯಿಂದಲೇ ಹೊರಗೆ. ಮನೆಗೆಲಸ ಮುಗಿಸಿದವಳು ಹಿತ್ತಿಲ ಬಾಗಿಲಿನಿಂದ ಹೋದ ಹಾಗೆ. ಚಂದ್ರಿಯ ಪಾತ್ರ ಮಾಡಿದ ಸ್ನೇಹಲತಾ ರೆಡ್ಡಿ ಅವರನ್ನು ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಜೈಲಿಗೆ ಹಾಕಿದರು. ಉಬ್ಬಸದಿಂದ ನರಳಿ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಆ ತಾಯಿಯನ್ನು ಈ ಸಭೆಯಲ್ಲಿ ನೆನೆಯುತ್ತೇವೆ.

1975ರ ‘ಚೋಮನ ದುಡಿ’ ನಮ್ಮದೇ ಕತೆ ಅಂತ ನಾವು ಎದೆಗೆ ಹಚ್ಚಿಕೊಂಡೆವು. ಬೇಸಾಯ ಮಾಡಬೇಕೆಂಬ ಹೊಲೆಯನ ಆಸೆ, ಭೂಮಿ ಕೊಡದ ಒಡೆಯ. ನಾವು ಚೋಮನಿಗಾಗಿ ಅತ್ತೆವು. ಆದರೆ ಅಪ್ಪನ ಸಾಲ ತೀರಿಸಲು ತೋಟಕ್ಕೆ ಹೋದ ಬೆಳ್ಳಿಗಾಗಿ ಎಷ್ಟು ಅತ್ತೆವು? ಆ ಸಾಲದ ಲೆಕ್ಕ ಚುಕ್ತಾ ಆದದ್ದು ಆಕೆಯ ಮೈಮೇಲೆ. ಚೋಮನಿಗೆ ಸಿಟ್ಟು ಬಂದರೆ ಬಾರಿಸಲಿಕ್ಕೆ ದುಡಿ ಇತ್ತು. ಬೆಳ್ಳಿಗೆ ಏನಿತ್ತು? ಈ ಪ್ರಶ್ನೆಯನ್ನು ನಾವು ಸಿನಿಮಾ ತೆಗೆದವರಿಗೆ ಕೇಳುವ ಮೊದಲು ನಮಗೇ ಕೇಳಿಕೊಳ್ಳಬೇಕು. ನಮ್ಮ ಸಂಘದ ತಮಟೆಯನ್ನು ಇವತ್ತಿಗೂ ಯಾರು ಹಿಡಿದಿದ್ದಾರೆ?

ದೇವದಾಸಿಯ ಬದುಕಿನ ಸುತ್ತ 1969ರಲ್ಲಿ ‘ಗೆಜ್ಜೆಪೂಜೆ’ ಬಂತು. ಕಲ್ಪನಾ ಅವರ ನಟನೆ ನೋಡಿ ಹೆಣ್ಣುಮಕ್ಕಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆ ನೋವು ಸುಳ್ಳಲ್ಲ. ಆದರೆ ಅಲ್ಲಿಯೂ ಪಾರಾಗುವ ದಾರಿ ಸಾವೊಂದೇ. ಮುತ್ತು ಕಟ್ಟಿಸಿಕೊಂಡು, ಹೊಲದಲ್ಲಿ ದುಡಿದು, ಅಪ್ಪನ ಹೆಸರಿಲ್ಲದ ಮಕ್ಕಳನ್ನು ಸಾಲಿಗೆ ಸೇರಿಸಲು ಮಾಸ್ತರರ ಮುಂದೆ ನಿಂತ ನಮ್ಮ ಅವ್ವನ ಕತೆ ಅದಲ್ಲ. ಕರ್ನಾಟಕದಲ್ಲಿ 1982ರಲ್ಲೇ ದೇವದಾಸಿ ನಿಷೇಧದ ಕಾಯ್ದೆ ಆಯಿತು. ಆಮೇಲೆ ಸರ್ಕಾರ 1993–94ರಲ್ಲಿ, 2007–08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ಲೆಕ್ಕಕ್ಕೆ ಸಿಕ್ಕವರು 46,660 ಮಂದಿ. ಬಹುಪಾಲು ನಮ್ಮವರೇ. ಇವರ್ಯಾರೂ ಬಂಗಾರದ ಗೆಜ್ಜೆ ಕಟ್ಟಿದವರಲ್ಲ.

ನಮ್ಮ ಸೀಮೆಗೆ ಹತ್ತಿರದ ಕತೆ ಹೇಳಿದವರೂ ಇದ್ದಾರೆ. 1948ರವರೆಗೆ ನಾವು ನಿಜಾಮನ ಆಳ್ವಿಕೆಯಲ್ಲಿದ್ದವರು. ಅದೇ ಹೈದರಾಬಾದ್ ಸಂಸ್ಥಾನದ ತೆಲಂಗಾಣದ ದೊರೆಗಳ ಮನೆಯೊಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು 1988ರ ತೆಲುಗು ಚಿತ್ರ ‘ದಾಸಿ’ ತೋರಿಸಿತು. ದೊರೆಯ ಮನೆಗೆ ಬಳುವಳಿಯಾಗಿ ಬಂದ ಹೆಣ್ಣು ಹಗಲು ಕಸ ಹೊಡೆಯಬೇಕು, ರಾತ್ರಿ ಕರೆದಾಗ ಹೋಗಬೇಕು, ಬಸಿರಾದರೆ ತೆಗೆಸಿಕೊಳ್ಳಬೇಕು. ಆ ಸಿನಿಮಾದಲ್ಲಿ ಹಾಡು-ಕುಣಿತ ಇಲ್ಲ. ಆಕೆ ನೆಲ ಒರೆಸುವುದನ್ನು, ನೀರು ಹೊರುವುದನ್ನು ಕ್ಯಾಮೆರಾ ಸುಮ್ಮನೆ ಕುಂತು ನೋಡುತ್ತದೆ. 1974ರ ‘ಅಂಕುರ್’ನಲ್ಲಿ ಜಮೀನ್ದಾರನ ಮಗನಿಂದ ಬಸಿರಾದ ಲಕ್ಷ್ಮಿ ಸಾಯುವುದಿಲ್ಲ. ಗಂಡನಿಗೆ ಚಾಟಿ ಏಟು ಬಿದ್ದಾಗ ಊರಿಗೆ ಕೇಳುವ ಹಾಗೆ ಒಡೆಯನಿಗೆ ಬಾಯಿತುಂಬ ಶಾಪ ಹಾಕುತ್ತಾಳೆ. ಕೊನೆಗೆ ಒಬ್ಬ ಚಿಕ್ಕ ಹುಡುಗ ಒಡೆಯನ ಕಿಟಕಿಗೆ ಕಲ್ಲೆಸೆಯುತ್ತಾನೆ. 2021ರ ತಮಿಳಿನ ‘ಜೈ ಭೀಮ್’ನಲ್ಲಿ ಬಸುರಿ ಸೆಂಗಣಿ, ಪೊಲೀಸರು ರಾಜಿಗೆ ಕರೆದಾಗ ಬರುವುದಿಲ್ಲ ಅನ್ನುತ್ತಾಳೆ. ಅದು 1993ರಲ್ಲಿ ತಮಿಳುನಾಡಿನಲ್ಲಿ ನಡೆದ ಲಾಕಪ್ ಸಾವಿನ ನಿಜ ಪ್ರಕರಣದಿಂದ ಹುಟ್ಟಿದ ಕತೆ. ಹೀಗೂ ಸಿನಿಮಾ ಮಾಡಬಹುದು. ಹೆಣ್ಣಿನ ‘ಒಲ್ಲೆ’ ಎಂಬ ಮಾತು ಪರದೆಯ ಮೇಲೆ ಕೇಳುವ ಹಾಗೆ ಮಾಡಬಹುದು.

ಇನ್ನು ಪರದೆಯ ಹಿಂದಿನ ಮಾತು. ಸುಮಾರು 1930ರ ಹೊತ್ತಿಗೆ ಕೇರಳದಲ್ಲಿ ಮಲಯಾಳದ ಮೊದಲ ಚಿತ್ರ ‘ವಿಗತಕುಮಾರನ್’ ತೋರಿಸಿದರು. ಅದರ ನಾಯಕಿ ಪಿ. ಕೆ. ರೋಸಿ, ದಲಿತ ಹೆಣ್ಣುಮಗಳು. ಮಾಡಿದ ಪಾತ್ರ ನಾಯರ್ ಮನೆತನದ ಹೆಣ್ಣಿನದು. ಹೊಲೆಯರ ಹೆಣ್ಣು ನಮ್ಮ ಹೆಣ್ಣಿನ ವೇಷ ಹಾಕುವುದೇ ಅಂತ ಮೇಲ್ಜಾತಿಯವರು ಗದ್ದಲ ಎಬ್ಬಿಸಿ ಪರದೆಗೆ ಕಲ್ಲು ಹೊಡೆದರು. ಆಕೆಯ ಗುಡಿಸಲಿಗೆ ಬೆಂಕಿ ಬಿತ್ತು. ರೋಸಿ ತಮಿಳುನಾಡಿಗೆ ಓಡಿಹೋಗಿ ಹೆಸರಿಲ್ಲದೆ ಬದುಕಿದಳು. ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಮೇಲ್ಜಾತಿಯ ನಟಿ ನಮ್ಮ ಹೆಣ್ಣಿನ ವೇಷ ಹಾಕಿದರೆ ಪ್ರಶಸ್ತಿ, ನಮ್ಮವಳು ಅವರ ವೇಷ ಹಾಕಿದರೆ ಬೆಂಕಿ. ಬಂಧುಗಳೇ, ಜಾತಿ ಅಂದರೆ ಇದು.

ಕನ್ನಡದ್ದೂ ಕೇಳ್ರಿ. 2011ರಲ್ಲಿ ಹೆಸರಾಂತ ನಾಯಕ ನಟರೊಬ್ಬರು ಹೆಂಡತಿಯನ್ನು ಹೊಡೆದ ದೂರಿನ ಮೇಲೆ ಜೈಲಿಗೆ ಹೋದರು. ಆಮೇಲೆ ಹೆಂಡತಿ ದೂರಿನಿಂದ ಹಿಂದೆ ಸರಿದರು. ಹೆಸರು ನಮ್ಮ ಬಾಯಿಂದ ಬ್ಯಾಡ, ನಿಮಗೆಲ್ಲ ಗೊತ್ತದ. ಆಗ ನಿರ್ಮಾಪಕರ ಸಂಘ ಏನು ಮಾಡಿತು? ನಟನ ಮೇಲೆ ಕ್ರಮ ಇಲ್ಲ. ಅವರ ಸಂಸಾರ ಕೆಡಲು ಕಾರಣ ಅಂತ ಒಬ್ಬ ನಟಿಗೆ ಮೂರು ವರ್ಷ ಬಹಿಷ್ಕಾರ ಹಾಕಿತು! ಹೊಡೆದ ದೂರು ಗಂಡಸಿನ ಮೇಲೆ, ಶಿಕ್ಷೆ ಮತ್ತೊಬ್ಬ ಹೆಣ್ಣಿಗೆ. ಎಲ್ಲ ಕಡೆಯಿಂದ ವಿರೋಧ ಬಂದ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಆ ನಟ ಜೈಲಿನಲ್ಲಿರುವಾಗಲೇ ಅವರ ಸಿನಿಮಾ ಬಿಡುಗಡೆಯಾಗಿ ಭರ್ಜರಿ ಓಡಿತು. ಟಿಕೀಟು ತಗೊಂಡವರು ಬೇರೆ ಯಾರೂ ಅಲ್ಲ. ಕೇರಳದಲ್ಲಿ ನಟಿಯೊಬ್ಬರ ಮೇಲೆ ಹಲ್ಲೆಯಾದ ಮೇಲೆ 2017ರಲ್ಲಿ ನ್ಯಾಯಮೂರ್ತಿ ಹೇಮಾ ಸಮಿತಿ ಮಾಡಿದರು. 2019ರಲ್ಲಿ ಕೊಟ್ಟ ವರದಿಯನ್ನು 2024ರ ಆಗಸ್ಟ್‌ವರೆಗೆ ಜನರ ಮುಂದೆ ಇಡಲಿಲ್ಲ. ಅದೇ ವರ್ಷ ಕನ್ನಡ ಚಿತ್ರರಂಗದ ಕೆಲವರೂ ನಮಗೂ ಇಂಥ ಸಮಿತಿ ಬೇಕು ಅಂತ ಮುಖ್ಯಮಂತ್ರಿಗೆ ಮನವಿ ಕೊಟ್ಟರು. ತೆರೆಯ ಮೇಲೆ ತೋರಿಸುವುದನ್ನೇ ತೆರೆಯ ಹಿಂದೆ ಮಾಡುವವರಿಂದ ಬೇರೆ ಸಿನಿಮಾ ಹ್ಯಾಂಗ ಬಂದೀತು?

ಒಂದು ಪ್ರಶ್ನೆ ಏಳುತ್ತದೆ. ಇಲ್ಲೇ ಒಬ್ಬ ಅಜ್ಜಿ ಕೇಳಿದರು: ‘ಸಿನಿಮಾ ಬರೋಕ್ಕಿಂತ ಮೊದಲು ಗಂಡಸರು ಹೊಡೀತಿರಲಿಲ್ಲೇನಪಾ?’ ಹೊಡೀತಿದ್ದರವ್ವಾ. ಸಿನಿಮಾ ಹೊಡೆತವನ್ನು ತರಲಿಲ್ಲ. ಹೊಡೆತಕ್ಕೆ ಚಪ್ಪಾಳೆ ತಂದಿತು. ಮೊದಲು ಹೆಂಡತಿಗೆ ಹೊಡೆದವನು ಮುಂಜಾನೆ ಎದ್ದು ಮುಖ ಮರೆಸಿಕೊಳ್ಳುತ್ತಿದ್ದ, ಈಗ ಅದನ್ನೇ ಗಂಡಸುತನ ಅನ್ನುತ್ತಾನೆ. ಹಾಗಂತ ಎಲ್ಲವನ್ನೂ ಸಿನಿಮಾದ ತಲೆಗೆ ಕಟ್ಟಿದರೆ ಅದೂ ಕಟ್ಟೆಯ ಹಿರಿಯರ ತೀರ್ಪೇ ಆಗುತ್ತದೆ. ಸಿನಿಮಾ ನೋಡಿ ಕೆಟ್ಟ ಅನ್ನುವುದು ತಪ್ಪು ಮಾಡಿದವನಿಗೆ ಕೊಡುವ ಜಾಮೀನು. ಅದೇ ಸಿನಿಮಾವನ್ನು ಆ ಹುಡುಗಿಯೂ ನೋಡಿದ್ದಳು. ಆಕಿ ಕೆಡಲಿಲ್ಲವಲ್ಲ!

1942ರಲ್ಲಿ ನಾಗಪುರದಲ್ಲಿ ನಮ್ಮ ಹೆಣ್ಣುಮಕ್ಕಳ ಸಮ್ಮೇಳನಕ್ಕೆ ಬಂದ ಬಾಬಾಸಾಹೇಬರು, ಒಂದು ಸಮಾಜ ಎಷ್ಟು ಮುಂದೆ ಹೋಗಿದೆ ಅನ್ನುವುದನ್ನು ಅದರ ಹೆಣ್ಣುಮಕ್ಕಳು ಎಷ್ಟು ಮುಂದೆ ಹೋಗಿದ್ದಾರೆ ಅನ್ನುವುದರಿಂದ ಅಳೆಯುತ್ತೇನೆ ಅಂದರು. 1951ರಲ್ಲಿ ಹಿಂದೂ ಕೋಡ್ ಬಿಲ್ ಮುಂದೆ ಹೋಗದಾಗ ಮಂತ್ರಿ ಪದವಿಗೇ ರಾಜೀನಾಮೆ ಕೊಟ್ಟರು. ಹೆಣ್ಣಿನ ಹಕ್ಕಿಗಾಗಿ ಕುರ್ಚಿ ಬಿಟ್ಟವರ ಪಟಕ್ಕೆ ಹಾರ ಹಾಕುವ ನಾವು, ಹೆಣ್ಣಿಗಾಗಿ ಕಟ್ಟೆಯ ಮೇಲಿನ ಜಾಗ ಬಿಡಲಿಲ್ಲ.

ಹಾಗಾದರೆ ಮಾಡುವುದೇನು? ದೊಡ್ಡ ಮಾತು ಬ್ಯಾಡ. ಆಗುವಂಥವು ನಾಕು.

ಒಂದು, ಇನ್ನು ಮುಂದೆ ಕೇರಿಯ ಹೆಣ್ಣುಮಕ್ಕಳ ಮೇಲಾದ ದೌರ್ಜನ್ಯದ ಮಾತನ್ನು ಹೆಂಗಸರಿಲ್ಲದ ಕಟ್ಟೆಯಲ್ಲಿ ಇತ್ಯರ್ಥ ಮಾಡುವುದಿಲ್ಲ. ಮಾಡಿದವನು ನಮ್ಮವನಾದರೂ ದೂರು ಠಾಣೆಗೆ ಹೋಗಬೇಕು, ಸಂಘ ಹುಡುಗಿಯ ಜತೆ ನಿಲ್ಲಬೇಕು. ಎರಡು, ಸಾಲಿಗೆ ಹೋಗುವ ಹುಡುಗಿಯರು ಬಸ್ಸಿನಿಂದ ಇಳಿದು ಬರುವ ದಾರಿಯನ್ನು ಕಾಯುವ ಜವಾಬ್ದಾರಿ ಕೇರಿಯದು. ದಾರಿ ಕೆಟ್ಟಿದ್ದರೆ ದಾರಿ ಸರಿ ಮಾಡಬೇಕೇ ಹೊರತು ಹುಡುಗಿಯ ಸಾಲಿ ಬಿಡಿಸುವುದಲ್ಲ. ಮೂರು, ತಿಂಗಳಿಗೊಂದು ಸಲ ಅಂಬೇಡ್ಕರ್ ಭವನದಲ್ಲಿ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಎಲ್ಲರೂ ಕೂಡಿ ಒಂದು ಸಿನಿಮಾ ನೋಡೋಣ. ನೋಡಿದ ಮೇಲೆ ಮೊದಲ ಮಾತು ಹೆಣ್ಣುಮಕ್ಕಳದು. ಗಂಡುಹುಡುಗರು ಕುಂತು ಕೇಳಬೇಕು. ನಾಕು, ನಮ್ಮ ಹುಡುಗಿಯರ ಕೈಗೆ ಮೊಬೈಲು ಬಂದರೆ ಕೆಡ್ತಾರ ಅನ್ನೋದು ಬಿಡ್ರಿ. ಅದರಲ್ಲಿ ಕ್ಯಾಮೆರಾ ಅದ. ಹತ್ತಿ ಬಿಡಿಸುವ ಕೈಯನ್ನು, ಬೆಂಗಳೂರಿಗೆ ಗುಳೆ ಹೋಗುವ ಸಂಸಾರವನ್ನು ಅವರ ಕಣ್ಣಿಂದ ಅವರೇ ತೆಗೆಯಲಿ.

ಮಾತು ಮುಗಿಸುತ್ತೇವೆ. ಸಾಲಿ ಬಿಟ್ಟ ಆ ಹುಡುಗಿಗೆ ನಾವು ಏನು ಕೊಟ್ಟರೂ ಹೋದ ವರ್ಷಗಳು ಬರುವುದಿಲ್ಲ. ಆಕಿ ಈಗ ಹೊರಗಿಂದ ಕಟ್ಟಿ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕೂಡುತ್ತೇನೆ ಅಂದಿದ್ದಾಳೆ. ಫೀ ಕಟ್ಟುವುದು, ಪುಸ್ತಕ ಕೊಡಿಸುವುದು ನಮ್ಮ ಕೆಲಸ. ಅದು ದಾನವಲ್ಲ, ದಂಡ. ಕಟ್ಟೆಯ ಮೇಲೆ ಸುಮ್ಮನೆ ಕುಂತದ್ದಕ್ಕೆ ನಾವು ಕಟ್ಟುವ ದಂಡ. ಇವತ್ತು ಈ ಸಭೆಯಲ್ಲಿ ಜೋಳಿಗೆ ಹಿಡಿಯುತ್ತೇವೆ. ಹೆಂಗಸರು ಹಾಕಬ್ಯಾಡ್ರಿ. ಗಂಡಸರು ಮಾತ್ರ ಹಾಕಬೇಕು.

ಜೈಭೀಮ್.